ಆಫ್‌ಲೈನ್ ಸ್ಥಳೀಯ ಜಾಲದಲ್ಲಿ ಟ್ಯಾಬ್ಲೆಟ್‌ನಿಂದ ಮುದ್ರಣ

ಅಂತರಜಾಲದ ಸಂಪರ್ಕವಿಲ್ಲದ ಸ್ಥಳೀಯ ಜಾಲದ ಮೂಲಕ, ಕೇಬಲ್ ಬಳಸದೆ, ಟ್ಯಾಬ್ಲೆಟ್‌ನಲ್ಲಿರುವ ಬರಹವನ್ನೋ ಚಿತ್ರವನ್ನೋ ಪ್ರಿಂಟರಿಗೆ ಕಳುಹಿಸಿ ಕಾಗದದ ಮೇಲೆ ಪಡೆಯುವ ವಿಧಾನಕ್ಕೆ ಆಫ್‌ಲೈನ್ ನಿಸ್ತಂತು ಮುದ್ರಣ ಎಂದು ಹೆಸರು. ವೈ-ಫೈ ಮತ್ತು ಅಂತರಜಾಲ ಎರಡೂ ಒಂದೇ ಎಂಬ ಭಾವನೆ ವ್ಯಾಪಕವಾಗಿದ್ದರೂ ಅವು ಬೇರೆ ಬೇರೆ. ವೈ-ಫೈ ಹತ್ತಿರದ ಸಾಧನಗಳನ್ನು ರೇಡಿಯೊ ತರಂಗಗಳಿಂದ ಜೋಡಿಸುತ್ತದೆ. ಅಂತರಜಾಲ ಆ ಜೋಡಣೆಯ ಆಚೆಗಿನ ಸಂಗತಿ. ರೂಟರಿಗೆ ಹೊರಗಿನಿಂದ ಬರುವ ತಂತಿಯನ್ನು ಕಿತ್ತು ಹಾಕಿದರೂ ಅದಕ್ಕೆ ಸೇರಿದ ಟ್ಯಾಬ್ಲೆಟ್ ಮತ್ತು ಪ್ರಿಂಟರ್ ಪರಸ್ಪರ ಸಂಪರ್ಕದಲ್ಲೇ ಇರುತ್ತವೆ. ಮುದ್ರಣಕ್ಕೆ ಬೇಕಾದದ್ದು ಅಷ್ಟೇ.

ಈ ಲೇಖನದಲ್ಲಿ ‘ಸ್ಥಳೀಯ ಜಾಲ’ ಎಂದರೆ ಒಂದೇ ರೂಟರ್ ಅಥವಾ ಆಕ್ಸೆಸ್ ಪಾಯಿಂಟಿಗೆ ಸೇರಿದ ಸಾಧನಗಳ ಗುಂಪು. ‘ಆಫ್‌ಲೈನ್’ ಎಂದರೆ ಆ ಗುಂಪಿಗೆ ಹೊರಜಗತ್ತಿನ ಸಂಪರ್ಕ ಇಲ್ಲದಿರುವುದು. ಕಂಪ್ಯೂಟರಿನ ಪರದೆಯ ಮೇಲೆ ‘ಪ್ರಿಂಟರ್ ಆಫ್‌ಲೈನ್’ ಎಂದು ಬರುವ ಸೂಚನೆ ಪ್ರಿಂಟರೇ ಕೈಗೆ ಸಿಗುತ್ತಿಲ್ಲ ಎಂಬುದನ್ನು ತಿಳಿಸುತ್ತದೆ. ಅದು ಇಲ್ಲಿನ ವಿಷಯವಲ್ಲ.

ಹಿನ್ನೆಲೆ

ಜಾಲದ ಮೂಲಕ ಮುದ್ರಿಸುವ ಪದ್ಧತಿ ಬೆಳೆದದ್ದೇ ಅಂತರಜಾಲ ಇಲ್ಲದ ಕಚೇರಿಗಳಲ್ಲಿ. ಆ್ಯಪಲ್ ಕಂಪನಿ 1985ರಲ್ಲಿ ಹೊರತಂದ ಲೇಸರ್‌ರೈಟರ್ ಪ್ರಿಂಟರಿನ ಬೆಲೆ 6,995 ಡಾಲರ್. ಅಷ್ಟು ದುಬಾರಿ ಯಂತ್ರವನ್ನು ಒಬ್ಬೊಬ್ಬರಿಗೆ ಒಂದರಂತೆ ಕೊಳ್ಳುವುದು ಸಾಧ್ಯವಿರಲಿಲ್ಲ. ಹಾಗಾಗಿ ಹಲವು ಮೆಕಿಂಟಾಷ್ ಕಂಪ್ಯೂಟರುಗಳು ಒಂದೇ ಪ್ರಿಂಟರನ್ನು ಹಂಚಿಕೊಳ್ಳಲು ಲೋಕಲ್‌ಟಾಕ್ ಎಂಬ ತಂತಿಜಾಲ ಬಳಕೆಗೆ ಬಂತು. ಅದರ ವೇಗ ಸೆಕೆಂಡಿಗೆ 230.4 ಕಿಲೋಬಿಟ್ ಮಾತ್ರ. ಆದರೆ ಬಳಸುವವರು ಯಾವ ವಿಳಾಸವನ್ನೂ ಟೈಪ್ ಮಾಡಬೇಕಿರಲಿಲ್ಲ. ‘ಚೂಸರ್’ ಎಂಬ ಕಿಟಕಿ ತೆರೆದರೆ ಪ್ರಿಂಟರಿನ ಹೆಸರು ತಾನಾಗಿ ಕಾಣಿಸುತ್ತಿತ್ತು.

1990ರ ದಶಕದಲ್ಲಿ ಟಿಸಿಪಿ/ಐಪಿ ಜಾಲಗಳು ಕಚೇರಿಗಳನ್ನು ಆವರಿಸಿದಾಗ ಈ ಸಲೀಸು ಕೈತಪ್ಪಿತು. ಯುನಿಕ್ಸ್ ಪರಂಪರೆಯ ಎಲ್‌ಪಿಡಿ ಪ್ರೋಟೊಕಾಲ್ (ಪೋರ್ಟ್ 515) 1990ರಲ್ಲಿ ಆರ್‌ಎಫ್‌ಸಿ 1179 ಎಂಬ ತಾಂತ್ರಿಕ ಪತ್ರವಾಗಿ ದಾಖಲಾಯಿತು. ಎಚ್‌ಪಿಯ ಜೆಟ್‌ಡೈರೆಕ್ಟ್ ಸಾಧನಗಳು ಪೋರ್ಟ್ 9100ಕ್ಕೆ ಬಂದದ್ದನ್ನೆಲ್ಲ ನೇರವಾಗಿ ಪ್ರಿಂಟರಿಗೆ ಸುರಿಯುವ ಕ್ರಮವನ್ನು ರೂಢಿಗೆ ತಂದವು. ಎರಡೂ ಗಟ್ಟಿಮುಟ್ಟಾದ ವಿಧಾನಗಳೇ. ಆದರೆ ಪ್ರಿಂಟರಿನ ಐಪಿ ವಿಳಾಸವನ್ನು ಕೈಯಿಂದ ನಮೂದಿಸಬೇಕಿತ್ತು, ಮಾದರಿಗೆ ತಕ್ಕ ಡ್ರೈವರ್ ತಂತ್ರಾಂಶವನ್ನು ಪ್ರತಿ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬೇಕಿತ್ತು.

ಈ ಎರಡು ತೊಡಕುಗಳನ್ನು ಬಿಡಿಸಿದ್ದು ಎರಡು ಬೇರೆ ಬೇರೆ ಪ್ರಯತ್ನಗಳು. ಮೊದಲನೆಯದು ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೊಕಾಲ್, ಅಂದರೆ ಐಪಿಪಿ. 1999ರಲ್ಲಿ ಇದರ ಮೊದಲ ಆವೃತ್ತಿಯೂ 2000ದಲ್ಲಿ 1.1 ಆವೃತ್ತಿಯೂ ಪ್ರಕಟವಾದವು; 2018ರಲ್ಲಿ ಇದು ಪೂರ್ಣ ಅಂತರಜಾಲ ಮಾನಕದ ಸ್ಥಾನ ಪಡೆಯಿತು. ಹೆಸರಿನಲ್ಲಿ ಇಂಟರ್ನೆಟ್ ಇದ್ದರೂ ಇದು ಕೆಲಸ ಮಾಡಲು ಅಂತರಜಾಲ ಬೇಕಿಲ್ಲ. ಎರಡನೆಯದು ಝೀರೋಕಾನ್ಫ್. ಆ್ಯಪಲ್‌ನ ಹಳೆಯ ಜಾಲಗಳಲ್ಲಿದ್ದ ಸಲೀಸನ್ನು ಐಪಿ ಜಾಲಗಳಿಗೂ ತರಬೇಕೆಂದು ಸ್ಟುವರ್ಟ್ ಚೆಷೈರ್ ಮೊದಲಾದವರು ಇದನ್ನು ರೂಪಿಸಿದರು. 2002ರಲ್ಲಿ ರೆಂಡೆವೂ ಎಂಬ ಹೆಸರಿನಲ್ಲಿ ಮ್ಯಾಕ್ ಓಎಸ್ ಟೆನ್ 10.2ರೊಂದಿಗೆ ಬಂದ ಇದಕ್ಕೆ 2005ರಲ್ಲಿ ಬಾಂಜೂರ್ ಎಂಬ ಹೆಸರಾಯಿತು. ಇದರ ಎರಡು ಭಾಗಗಳಾದ ಎಂಡಿಎನ್‌ಎಸ್ ಮತ್ತು ಡಿಎನ್‌ಎಸ್-ಎಸ್‌ಡಿ 2013ರಲ್ಲಿ ಆರ್‌ಎಫ್‌ಸಿ 6762 ಮತ್ತು 6763 ಆಗಿ ಪ್ರಕಟವಾದವು.

2010ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಮೊದಲ ಐಪ್ಯಾಡ್‌ನ ಕಾರ್ಯವ್ಯವಸ್ಥೆಯಲ್ಲಿ ಮುದ್ರಣದ ಸೌಲಭ್ಯ ಇರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಐಓಎಸ್ 4.2ರ ಜೊತೆ ಬಂದ ಏರ್‌ಪ್ರಿಂಟ್ ಐಪಿಪಿ ಮತ್ತು ಬಾಂಜೂರ್ ಎರಡನ್ನೂ ಒಟ್ಟುಗೂಡಿಸಿ ಡ್ರೈವರ್ ಇಲ್ಲದ ಮುದ್ರಣವನ್ನು ಜನಬಳಕೆಗೆ ತಂದಿತು. ಆ್ಯಂಡ್ರಾಯ್ಡ್‌ನಲ್ಲಿ ಮುದ್ರಣದ ಚೌಕಟ್ಟು ಸೇರಿದ್ದು 2013ರ 4.4 ಆವೃತ್ತಿಯಲ್ಲಿ. ಅದೇ ವರ್ಷ ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್ ಮತ್ತು ಝೆರಾಕ್ಸ್ ಕಂಪನಿಗಳು ಸೇರಿ ಮೊಪ್ರಿಯಾ ಒಕ್ಕೂಟವನ್ನು ಕಟ್ಟಿದವು. 2017ರ ಆ್ಯಂಡ್ರಾಯ್ಡ್ 8.0ರಿಂದ ಈಚೆಗೆ ಮೊಪ್ರಿಯಾ ತಂತ್ರವನ್ನು ಆಧರಿಸಿದ ಮುದ್ರಣ ಸೇವೆ ಕಾರ್ಯವ್ಯವಸ್ಥೆಯ ಒಳಗೇ ಸಿಗುತ್ತಿದೆ.

ಕೆಲಸದ ಕ್ರಮ

ಒಂದು ಪುಟ ಟ್ಯಾಬ್ಲೆಟ್‌ನಿಂದ ಕಾಗದಕ್ಕೆ ಇಳಿಯಲು ನಾಲ್ಕು ಸಂಗತಿಗಳು ಕೂಡಿಬರಬೇಕು: ಎರಡೂ ಸಾಧನಗಳಿಗೆ ಜಾಲದಲ್ಲಿ ವಿಳಾಸ, ಟ್ಯಾಬ್ಲೆಟ್‌ಗೆ ಪ್ರಿಂಟರಿನ ಪತ್ತೆ, ಇಬ್ಬರಿಗೂ ಅರ್ಥವಾಗುವ ಪುಟರೂಪ, ಅದನ್ನು ಸಾಗಿಸುವ ಪ್ರೋಟೊಕಾಲ್. ಇವುಗಳಲ್ಲಿ ಯಾವುದೂ ಅಂತರಜಾಲದಲ್ಲಿ ನೆಲೆಸಿಲ್ಲ ಎಂಬುದೇ ಆಫ್‌ಲೈನ್ ಮುದ್ರಣದ ಆಧಾರ.

ವಿಳಾಸವನ್ನು ಸಾಮಾನ್ಯವಾಗಿ ರೂಟರಿನೊಳಗಿನ ಡಿಎಚ್‌ಸಿಪಿ ಸೇವೆ ಹಂಚುತ್ತದೆ. ಹೆಚ್ಚಾಗಿ 192.168 ಎಂದು ಶುರುವಾಗುವ ಈ ವಿಳಾಸಗಳು ಆ ಜಾಲದೊಳಗೆ ಮಾತ್ರ ಸಲ್ಲುತ್ತವೆ. ಹಂಚುವವರೇ ಇಲ್ಲದಿದ್ದರೆ ಸಾಧನಗಳು 169.254 ಎಂದು ಆರಂಭವಾಗುವ ವಿಳಾಸವೊಂದನ್ನು ತಾವೇ ಆರಿಸಿಕೊಂಡು, ಅದು ಬೇರೆ ಯಾರ ಬಳಿಯೂ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತವೆ.

ಪತ್ತೆಯ ಹಂತವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಹೆಚ್ಚಿನ ವೈಫಲ್ಯಗಳು ಇಲ್ಲಿಯೇ ಸಂಭವಿಸುತ್ತವೆ. ಅಂತರಜಾಲದಲ್ಲಿ ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಸರ್ವರುಗಳು ಆಫ್‌ಲೈನ್ ಜಾಲದಲ್ಲಿ ಇರುವುದಿಲ್ಲ. ಹಾಗಾಗಿ ಟ್ಯಾಬ್ಲೆಟ್ ತನ್ನ ಪ್ರಶ್ನೆಯನ್ನು ಜಾಲದ ಎಲ್ಲರ ಮುಂದೆ ಇಡುತ್ತದೆ. ಮುದ್ರಣದ ಆಯ್ಕೆಯನ್ನು ಒತ್ತಿದ ಕೂಡಲೇ 224.0.0.251 ಎಂಬ ಸಾಮೂಹಿಕ ವಿಳಾಸದ 5353ನೇ ಪೋರ್ಟಿಗೆ ಪುಟ್ಟ ಸಂದೇಶವೊಂದು ಹೋಗುತ್ತದೆ: ಐಪಿಪಿ ಸೇವೆ ಕೊಡುವವರು ಇಲ್ಲಿ ಯಾರಾದರೂ ಇದ್ದೀರಾ? ಪ್ರಿಂಟರ್ ಎಚ್ಚರವಾಗಿದ್ದರೆ ತನ್ನ ಹೆಸರು, ‘ಡಾಟ್ ಲೋಕಲ್’ ಎಂದು ಕೊನೆಗೊಳ್ಳುವ ಜಾಲನಾಮ, ಪೋರ್ಟ್ ಸಂಖ್ಯೆ (ಸಾಮಾನ್ಯವಾಗಿ 631) ಮತ್ತು ಐಪಿ ವಿಳಾಸವನ್ನು ತಿಳಿಸುತ್ತದೆ. ಉತ್ತರದ ಜೊತೆಗೆ ಅದರ ಗುಣಪಟ್ಟಿಯೂ ಬರುತ್ತದೆ: ಬಣ್ಣ ಉಂಟೋ ಇಲ್ಲವೋ, ಹಾಳೆಯ ಎರಡೂ ಬದಿ ಮುದ್ರಿಸಬಲ್ಲದೋ, ಯಾವ ಯಾವ ಪುಟರೂಪಗಳು ತಿಳಿದಿವೆ, ಕೆಲಸವನ್ನು ಯಾವ ದಾರಿಗೆ ಕಳುಹಿಸಬೇಕು. ಈ ಸಾಮೂಹಿಕ ಸಂದೇಶಗಳು ರೂಟರನ್ನು ದಾಟಿ ಇನ್ನೊಂದು ಜಾಲಕ್ಕೆ ಹೋಗುವಂತಿಲ್ಲ. ಪ್ರಿಂಟರ್ ಮತ್ತು ಟ್ಯಾಬ್ಲೆಟ್ ಒಂದೇ ಜಾಲದಲ್ಲಿರಬೇಕೆಂಬ ನಿಯಮ ಬಂದದ್ದು ಇದರಿಂದ.

ಪತ್ತೆಯಾದ ಮೇಲೆ ಸಂವಾದ ಐಪಿಪಿಯಲ್ಲಿ ನಡೆಯುತ್ತದೆ. ಐಪಿಪಿ ಸವಾರಿ ಮಾಡುವುದು ಜಾಲತಾಣಗಳು ಬಳಸುವ ಎಚ್‌ಟಿಟಿಪಿಯ ಮೇಲೆಯೇ. ಪ್ರಿಂಟರ್ ಇಲ್ಲಿ ಪುಟ್ಟದೊಂದು ವೆಬ್ ಸರ್ವರಿನಂತೆ ವರ್ತಿಸುತ್ತದೆ. ಟ್ಯಾಬ್ಲೆಟ್ ಮೊದಲು ಪ್ರಿಂಟರಿನ ಲಕ್ಷಣಗಳನ್ನು ಕೇಳಿ ಪಡೆಯುತ್ತದೆ: ಟ್ರೇನಲ್ಲಿರುವ ಕಾಗದದ ಅಳತೆ, ಶಾಯಿಯ ಮಟ್ಟ, ಸದ್ಯದ ಸ್ಥಿತಿ. ಸ್ಥಿತಿಗೆ ಸಂಖ್ಯೆಗಳಿವೆ: 3 ಎಂದರೆ ಬಿಡುವಾಗಿದೆ, 4 ಎಂದರೆ ಕೆಲಸದಲ್ಲಿದೆ, 5 ಎಂದರೆ ನಿಂತಿದೆ. ನಿಂತಿದ್ದಕ್ಕೆ ಕಾರಣವೂ ಪ್ರತ್ಯೇಕವಾಗಿ ಬರುತ್ತದೆ. ಕಾಗದ ಮುಗಿದಿದೆ, ಕಾಗದ ಸಿಕ್ಕಿಹಾಕಿಕೊಂಡಿದೆ, ಮುಚ್ಚಳ ತೆರೆದಿದೆ ಎಂದು ಟ್ಯಾಬ್ಲೆಟ್ ಪರದೆಯ ಮೇಲೆ ಮೂಡುವ ಸೂಚನೆಗಳ ಮೂಲ ಇದೇ. ಆಮೇಲೆ ಕೆಲಸವನ್ನು ಸೃಷ್ಟಿಸಿ ದಾಖಲೆಯನ್ನು ಕಳುಹಿಸಲಾಗುತ್ತದೆ. ಮುಗಿಯುವವರೆಗೂ ಟ್ಯಾಬ್ಲೆಟ್ ಆಗಾಗ ಸ್ಥಿತಿಯನ್ನು ವಿಚಾರಿಸುತ್ತಿರುತ್ತದೆ. ಪೋರ್ಟ್ 9100ರ ಹಳೆಯ ಪದ್ಧತಿಯಲ್ಲಿ ಇಂಥ ಕೊಡುಕೊಳ್ಳುವಿಕೆಗೆ ಹೇಳಿಕೊಳ್ಳುವಂಥ ಏರ್ಪಾಡು ಇರಲಿಲ್ಲ.

ಪುಟರೂಪಗಳು

ಪುಟವನ್ನು ಪ್ರಿಂಟರಿಗೆ ಎರಡು ರೀತಿಯಲ್ಲಿ ಒಪ್ಪಿಸಬಹುದು. ಅಕ್ಷರ, ಗೆರೆ, ಚಿತ್ರಗಳನ್ನು ಪುಟದ ಎಲ್ಲಿ ಹೇಗೆ ಇಡಬೇಕೆಂದು ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್, ಪಿಡಿಎಫ್‌ಗಳು ಒಂದು ಬಗೆ. ಪುಟವನ್ನೆಲ್ಲ ಚುಕ್ಕಿಗಳಾಗಿ ಬಿಡಿಸಿ ಕಳುಹಿಸುವ ರಾಸ್ಟರ್ ರೂಪ ಇನ್ನೊಂದು ಬಗೆ. ಆ್ಯಪಲ್ ಬಳಸುವ ಯುಆರ್‌ಎಫ್ ಮತ್ತು ಪ್ರಿಂಟರ್ ವರ್ಕಿಂಗ್ ಗ್ರೂಪ್ ಗೊತ್ತುಪಡಿಸಿದ ಪಿಡಬ್ಲ್ಯುಜಿ ರಾಸ್ಟರ್ ಈ ಗುಂಪಿಗೆ ಸೇರಿವೆ.

ರಾಸ್ಟರ್ ಕ್ರಮದಲ್ಲಿ ಪ್ರಿಂಟರಿನ ಬುದ್ಧಿಗೆ ಕೆಲಸ ಕಡಿಮೆ, ಜಾಲಕ್ಕೆ ಹೊರೆ ಹೆಚ್ಚು. ಎ4 ಹಾಳೆ ಇಂಚಿಗೆ 300 ಚುಕ್ಕಿಗಳ ಸಾಂದ್ರತೆಯಲ್ಲಿ 2480×3508, ಅಂದರೆ ಸುಮಾರು 87 ಲಕ್ಷ ಚುಕ್ಕಿಗಳಾಗುತ್ತದೆ. 600 ಚುಕ್ಕಿಗಳಾದರೆ ಅದರ ನಾಲ್ಕು ಪಟ್ಟು. ಪ್ರತಿ ಚುಕ್ಕಿಗೆ ಮೂರು ಬೈಟ್‌ನಂತೆ ಬಣ್ಣದ ಒಂದೇ ಪುಟ ಸಂಕುಚಿತಗೊಳ್ಳದಿದ್ದರೆ 100 ಮೆಗಾಬೈಟ್ ಮೀರುತ್ತದೆ. ಪುಟದಲ್ಲಿ ಬಿಳಿ ಜಾಗವೇ ಹೆಚ್ಚಾಗಿರುವುದರಿಂದ ಸಂಕೋಚನದ ಬಳಿಕ ಪಠ್ಯದ ಪುಟ ಬಹಳ ಚಿಕ್ಕದಾಗುತ್ತದೆ; ಪೂರ್ಣಪುಟದ ಛಾಯಾಚಿತ್ರ ಅಷ್ಟಾಗಿ ಕುಗ್ಗುವುದಿಲ್ಲ. ಛಾಯಾಚಿತ್ರದ ಮುದ್ರಣ ನಿಧಾನವಾಗಿ ಆರಂಭವಾಗುವುದಕ್ಕೆ ಇದೂ ಒಂದು ಕಾರಣ.

ಕನ್ನಡ ಲಿಪಿಯ ಮುದ್ರಣ

ಪ್ರಿಂಟರಿನೊಳಗೆ ಅಡಕವಾಗಿ ಬರುವ ಅಕ್ಷರಶೈಲಿಗಳು ಸಾಮಾನ್ಯವಾಗಿ ರೋಮನ್ ಲಿಪಿಯವು. ಕನ್ನಡದ ಪುಟ ಸರಿಯಾಗಿ ಮೂಡಬೇಕಾದರೆ ಅಕ್ಷರ ಜೋಡಣೆಯ ಹೊಣೆಯನ್ನು ಟ್ಯಾಬ್ಲೆಟ್ ತಾನೇ ಹೊರಬೇಕು. ಯುನಿಕೋಡ್‌ನಲ್ಲಿ ‘ರಾಷ್ಟ್ರ’ ಎಂಬ ಪದ ಏಳು ಸಂಕೇತಗಳ ಸಾಲು: ರ, ಆಕಾರದ ಚಿಹ್ನೆ, ಷ, ವಿರಾಮ, ಟ, ವಿರಾಮ, ರ. ಇವನ್ನು ಓದಿ, ಟ ಮತ್ತು ರ ಎರಡನ್ನೂ ಒತ್ತಕ್ಷರಗಳಾಗಿಸಿ ಷಕಾರಕ್ಕೆ ಸೇರಿಸುವ ಕೆಲಸ ಕಾರ್ಯವ್ಯವಸ್ಥೆಯ ಅಕ್ಷರ ಜೋಡಣಾ ತಂತ್ರಾಂಶದ್ದು. ಆ್ಯಂಡ್ರಾಯ್ಡ್‌ನಲ್ಲಿ ಹಾರ್ಫ್‌ಬಝ್ ಇದನ್ನು ಮಾಡುತ್ತದೆ. ಜೋಡಣೆಯಾದ ಆಕಾರಗಳು ಪಿಡಿಎಫ್‌ನೊಳಗೆ ಅಡಕಗೊಂಡೋ ಚುಕ್ಕಿಗಳಾಗಿಯೋ ಪ್ರಿಂಟರನ್ನು ತಲುಪುತ್ತವೆ. ಹಾಗಾಗಿ ಪರದೆಯ ಮೇಲೆ ಸರಿಯಾಗಿ ಕಂಡ ಕನ್ನಡ ಕಾಗದದ ಮೇಲೂ ಸರಿಯಾಗಿಯೇ ಬರುತ್ತದೆ. ಡ್ರೈವರ್ ಇಲ್ಲದ ಮುದ್ರಣದಿಂದ ಭಾರತೀಯ ಲಿಪಿಗಳಿಗೆ ಆದ ದೊಡ್ಡ ಅನುಕೂಲ ಇದು.

ತೊಡಕು ಬರುವುದು ಯುನಿಕೋಡ್ ಅಲ್ಲದ ಹಳೆಯ ಕಡತಗಳಲ್ಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ದಾಖಲೆಗಳು ಅದೇ ಫಾಂಟ್ ಇಲ್ಲದ ಟ್ಯಾಬ್ಲೆಟ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಮುದ್ರಣವೂ ಹಾಗೆಯೇ ಆಗುತ್ತದೆ. ಆಫ್‌ಲೈನ್ ಸ್ಥಳದಲ್ಲಿ ಪರಿವರ್ತಕವನ್ನು ಇಳಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಇಂಥ ಕಡತಗಳನ್ನು ಮೂಲ ಕಂಪ್ಯೂಟರಿನಲ್ಲೇ ಫಾಂಟ್ ಅಡಕವಾಗಿರುವ ಪಿಡಿಎಫ್ ಆಗಿಸಿ ಒಯ್ಯುವುದು, ಇಲ್ಲವೇ ಮುಂಚಿತವಾಗಿ ಯುನಿಕೋಡ್‌ಗೆ ಬದಲಿಸಿಕೊಳ್ಳುವುದು ನಂಬಲರ್ಹ ಕ್ರಮ.

ರಸೀದಿ ಮುದ್ರಿಸುವ ಥರ್ಮಲ್ ಪ್ರಿಂಟರುಗಳದ್ದು ಬೇರೆಯೇ ಲೆಕ್ಕ. ಎಪ್ಸನ್ ರೂಪಿಸಿದ ಇಎಸ್‌ಸಿ/ಪಿಓಎಸ್ ಆದೇಶಗಳನ್ನು ಬಳಸುವ ಈ ಯಂತ್ರಗಳಿಗೆ ಪಠ್ಯವನ್ನು ಪಠ್ಯವಾಗಿಯೇ ಕಳುಹಿಸುವುದು ರೂಢಿ. ಕನ್ನಡಕ್ಕೆ ಅದು ಒದಗುವುದಿಲ್ಲ. ಅಂಗಡಿಯ ಆ್ಯಪ್ ಪ್ರತಿ ಸಾಲನ್ನೂ ಚಿತ್ರವಾಗಿಸಿ ಕಳುಹಿಸಬೇಕು. 58 ಮಿಲಿಮೀಟರ್ ಅಗಲದ ಕಾಗದದಲ್ಲಿ ಸಾಮಾನ್ಯವಾಗಿ ಸಿಗುವ ಅಗಲ 384 ಚುಕ್ಕಿ; ಎರಡು ಒತ್ತಕ್ಷರಗಳಿರುವ ಅಕ್ಷರಕ್ಕೆ ಸಾಲಿನ ಎತ್ತರ ಸಾಲದೆ ಕೆಳಭಾಗ ಕತ್ತರಿಸಿ ಹೋಗದಂತೆ ಆ್ಯಪ್ ತಯಾರಕರು ಎಚ್ಚರ ವಹಿಸಬೇಕಾಗುತ್ತದೆ.

ಜಾಲದ ಬಗೆಗಳು

ಅತ್ಯಂತ ಸ್ಥಿರವಾದ ಏರ್ಪಾಡು ಅಂತರಜಾಲ ಜೋಡಿಸದ ಸಾಮಾನ್ಯ ರೂಟರಿನದು. ರೂಟರಿಗೆ ವಿದ್ಯುತ್ ಇದ್ದರೆ ಸಾಕು. ಪ್ರಿಂಟರನ್ನು ವೈ-ಫೈ ಬದಲು ಈಥರ್ನೆಟ್ ತಂತಿಯಿಂದ ರೂಟರಿಗೆ ಸೇರಿಸಿದರೂ ಟ್ಯಾಬ್ಲೆಟ್‌ನ ಕಡೆಯಿಂದ ಅದು ನಿಸ್ತಂತು ಮುದ್ರಣವೇ, ಮತ್ತು ಹೆಚ್ಚು ಗಟ್ಟಿ. ಪ್ರಿಂಟರಿಗೆ ಬದಲಾಗದ ವಿಳಾಸವನ್ನು ರೂಟರಿನಲ್ಲಿ ಕಾಯ್ದಿರಿಸಿದರೆ ಪತ್ತೆ ವಿಫಲವಾದಾಗ ವಿಳಾಸವನ್ನೇ ಬರೆದು ಸೇರಿಸಿಕೊಳ್ಳುವ ದಾರಿ ಉಳಿಯುತ್ತದೆ; ಆ್ಯಂಡ್ರಾಯ್ಡ್‌ನಲ್ಲಿ ಈ ಆಯ್ಕೆ ಮುದ್ರಣದ ಸೆಟ್ಟಿಂಗ್ಸ್‌ನಲ್ಲೇ ಇದೆ.

ರೂಟರ್ ಇಲ್ಲದ ಕಡೆ ವೈ-ಫೈ ಡೈರೆಕ್ಟ್ ಬಳಕೆಯಾಗುತ್ತದೆ. ವೈ-ಫೈ ಅಲಯನ್ಸ್ ಇದರ ಪ್ರಮಾಣೀಕರಣವನ್ನು 2010ರಲ್ಲಿ ಆರಂಭಿಸಿತು. ಇದರಲ್ಲಿ ಪ್ರಿಂಟರೇ ಗುಂಪಿನ ಯಜಮಾನನಾಗಿ, ‘ಡೈರೆಕ್ಟ್’ ಎಂದು ಶುರುವಾಗುವ ಹೆಸರಿನ ಜಾಲವನ್ನು ಬಿತ್ತರಿಸಿ ವಿಳಾಸ ಹಂಚುತ್ತದೆ. ಆ್ಯಂಡ್ರಾಯ್ಡ್ ಸಾಧನಗಳು ಇದಕ್ಕೆ ನೇರವಾಗಿ ಸೇರುತ್ತವೆ. ಐಪ್ಯಾಡ್‌ನಲ್ಲಿ ವೈ-ಫೈ ಡೈರೆಕ್ಟ್ ಇಲ್ಲದಿದ್ದರೂ ಆ ಜಾಲವನ್ನು ಸಾಮಾನ್ಯ ವೈ-ಫೈನಂತೆ ಆರಿಸಿ, ಪಾಸ್‌ವರ್ಡ್ ಕೊಟ್ಟು ಏರ್‌ಪ್ರಿಂಟ್ ಬಳಸಬಹುದು. ಕ್ಯಾನನ್ ಸೆಲ್ಫಿ, ಫ್ಯೂಜಿಫಿಲ್ಮ್‌ನ ಇನ್‌ಸ್ಟ್ಯಾಕ್ಸ್ ಶೇರ್ ಮೊದಲಾದ ಪುಟ್ಟ ಫೋಟೊ ಪ್ರಿಂಟರುಗಳು ತಮ್ಮದೇ ಜಾಲ ಹರಡುವ ಕ್ರಮವನ್ನು ಅನುಸರಿಸಿವೆ.

ಮೂರನೆಯ ದಾರಿ ಮಧ್ಯವರ್ತಿ ಕಂಪ್ಯೂಟರಿನದು. ಯುಎಸ್‌ಬಿ ಕೇಬಲ್ ಮಾತ್ರ ಇರುವ ಹಳೆಯ ಪ್ರಿಂಟರನ್ನು ರಾಸ್‌ಬೆರಿ ಪೈನಂಥ ಚಿಕ್ಕ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿ ಮುದ್ರಣ ನಡೆಸುವ ಕಪ್ಸ್ ಮತ್ತು ಜಾಲದಲ್ಲಿ ಪತ್ತೆಗೆ ಸಿಗುವಂತೆ ಮಾಡುವ ಅವಾಹಿ ತಂತ್ರಾಂಶಗಳನ್ನು ನಡೆಸಿದರೆ ಅದು ಟ್ಯಾಬ್ಲೆಟ್‌ಗಳಿಗೆ ಏರ್‌ಪ್ರಿಂಟ್ ಪ್ರಿಂಟರಿನಂತೆ ಕಾಣುತ್ತದೆ. ಕಪ್ಸ್ ಅನ್ನು ಮೈಕೆಲ್ ಸ್ವೀಟ್ 1990ರ ದಶಕದ ಕೊನೆಯಲ್ಲಿ ಬರೆದರು. 2002ರಲ್ಲಿ ಮ್ಯಾಕ್ ಅದನ್ನು ತನ್ನ ಮುದ್ರಣ ವ್ಯವಸ್ಥೆಯಾಗಿ ಸ್ವೀಕರಿಸಿತು. ಪೈಗೆ ಬೇಕಾದ ತಂತ್ರಾಂಶವನ್ನು ಅಂತರಜಾಲವಿರುವ ಕಡೆ ಒಮ್ಮೆ ತುಂಬಿಕೊಂಡರೆ ಆಮೇಲೆ ಹೊರ ಸಂಪರ್ಕದ ಹಂಗಿಲ್ಲ.

ಬ್ಲೂಟೂತ್ ಮುದ್ರಣ ಐಪಿ ಜಾಲವನ್ನು ಬಳಸದ ಕಾರಣ ಈ ವರ್ಗದ ಹೊರಗೆ ನಿಲ್ಲುತ್ತದೆ. ಅದರ ಬಳಕೆ ಹೆಚ್ಚಾಗಿ ರಸೀದಿ ಮತ್ತು ಲೇಬಲ್ ಯಂತ್ರಗಳಲ್ಲಿದೆ.

ಉಪಯೋಗಗಳು

ಸಂಪರ್ಕ ದುರ್ಬಲವಾಗಿರುವ ಊರುಗಳ ಶಾಲೆ, ಆರೋಗ್ಯ ಶಿಬಿರ, ಕ್ಷೇತ್ರ ಸಮೀಕ್ಷೆಗಳಲ್ಲಿ ಟ್ಯಾಬ್ಲೆಟ್‌ನಲ್ಲಿ ತುಂಬಿದ ನಮೂನೆಯನ್ನು ಸ್ಥಳದಲ್ಲೇ ಮುದ್ರಿಸಿ ಸಹಿ ಪಡೆಯಲು ಇದು ಒದಗುತ್ತದೆ. ಮದುವೆ, ಸಮಾರಂಭಗಳಲ್ಲಿ ಛಾಯಾಗ್ರಾಹಕರು ಚಿತ್ರಗಳನ್ನು ಅಲ್ಲೇ ಮುದ್ರಿಸಿ ಕೊಡುತ್ತಾರೆ. ಅಂತರಜಾಲವನ್ನು ಉದ್ದೇಶಪೂರ್ವಕವಾಗಿ ದೂರವಿಟ್ಟಿರುವ ಪ್ರಯೋಗಾಲಯ ಮತ್ತು ಕಚೇರಿಗಳಲ್ಲೂ ಇದೇ ವ್ಯವಸ್ಥೆ ಬೇಕಾಗುತ್ತದೆ. ಕರೆಂಟ್ ಹೋದಾಗ ರೂಟರ್ ಮತ್ತು ಟ್ಯಾಬ್ಲೆಟ್ ಚಿಕ್ಕ ಬ್ಯಾಟರಿಯಿಂದಲೇ ನಡೆಯುತ್ತವೆ; ಇಂಕ್‌ಜೆಟ್ ಪ್ರಿಂಟರನ್ನೂ ಮನೆಯ ಯುಪಿಎಸ್ ತಾಳಬಹುದು. ಕಾಗದದ ಮೇಲೆ ಪುಡಿಯನ್ನು ಕಾಯಿಸಿ ಅಂಟಿಸುವ ಲೇಸರ್ ಪ್ರಿಂಟರಿನ ವಿದ್ಯುತ್ ಬೇಡಿಕೆ ಅದಕ್ಕಿಂತ ಎಷ್ಟೋ ಹೆಚ್ಚು.

ಸಾಮಾನ್ಯ ತೊಡಕುಗಳು

ಆಫ್‌ಲೈನ್ ಜಾಲಕ್ಕೇ ವಿಶಿಷ್ಟವಾದ ತೊಡಕೆಂದರೆ ಟ್ಯಾಬ್ಲೆಟ್ ಆ ಜಾಲವನ್ನು ತಾನಾಗಿ ತೊರೆಯುವುದು. ವೈ-ಫೈಗೆ ಸೇರಿದ ಕೂಡಲೇ ಆ್ಯಂಡ್ರಾಯ್ಡ್ ಗೂಗಲ್‌ನ ಸರ್ವರೊಂದನ್ನು ಮುಟ್ಟಿ ನೋಡುತ್ತದೆ, ಐಪ್ಯಾಡ್ ಆ್ಯಪಲ್‌ನ ಸರ್ವರನ್ನು. ಉತ್ತರ ಬಾರದಿದ್ದರೆ ಜಾಲಕ್ಕೆ ಅಂತರಜಾಲವಿಲ್ಲ ಎಂದು ತೀರ್ಮಾನಿಸಿ, ಸಿಮ್ ಇರುವ ಟ್ಯಾಬ್ಲೆಟ್ ಮೊಬೈಲ್ ಡೇಟಾಕ್ಕೆ ವಾಲಬಹುದು, ಇಲ್ಲವೇ ಪರಿಚಿತವಾದ ಬೇರೆ ವೈ-ಫೈಗೆ ಜಿಗಿಯಬಹುದು. ಬಳಸುವವರಿಗೆ ಕಾಣುವುದು ಪ್ರಿಂಟರ್ ಮಾಯವಾದದ್ದು ಮಾತ್ರ. ಸಂಪರ್ಕ ಉಳಿಸಿಕೊಳ್ಳಬೇಕೇ ಎಂದು ಕೇಳುವ ಸೂಚನೆಗೆ ಹೌದು ಎನ್ನುವುದು, ಮುದ್ರಿಸುವಾಗ ಮೊಬೈಲ್ ಡೇಟಾ ಆರಿಸಿಡುವುದು ಇದಕ್ಕೆ ಪರಿಹಾರ.

ಅತಿಥಿ ಜಾಲಗಳಲ್ಲಿ ಸಾಧನಗಳು ಒಂದನ್ನೊಂದು ಕಾಣದಂತೆ ಪ್ರತ್ಯೇಕಿಸುವ ವ್ಯವಸ್ಥೆ ಇರುತ್ತದೆ. ಅಲ್ಲಿ ಮುದ್ರಣ ಆಗದು. ಕೆಲವು ರೂಟರುಗಳು ಸಾಮೂಹಿಕ ಸಂದೇಶಗಳನ್ನು ತಡೆಹಿಡಿಯುತ್ತವೆ. ಅನೇಕ ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ತಿಳಿದಿರುವುದರಿಂದ 5 ಗಿಗಾಹರ್ಟ್ಸ್‌ನಲ್ಲಷ್ಟೇ ನಡೆಯುವ ಜಾಲವನ್ನು ಅವು ಸೇರಲಾರವು. ಟ್ಯಾಬ್ಲೆಟ್‌ನಲ್ಲಿ ವಿಪಿಎನ್ ಚಾಲೂ ಇದ್ದರೆ ಸ್ಥಳೀಯ ಸಂಚಾರವೂ ಅದರೊಳಗೆ ಹೊಕ್ಕು ಕಳೆದುಹೋಗಬಹುದು. 2020ರ ಐಓಎಸ್ 14ರಿಂದ ಸ್ಥಳೀಯ ಜಾಲವನ್ನು ಹುಡುಕುವ ಆ್ಯಪ್‌ಗಳು ಬಳಕೆದಾರರ ಅನುಮತಿ ಪಡೆಯಬೇಕು. ಅದನ್ನು ನಿರಾಕರಿಸಿದ್ದರೆ ಪ್ರಿಂಟರ್ ಕಂಪನಿಯ ಆ್ಯಪ್‌ಗೆ ಪ್ರಿಂಟರೇ ಕಾಣುವುದಿಲ್ಲ.

ಇನ್ನೊಂದು ಬಗೆಯ ತೊಡಕು ವ್ಯಾಪಾರದ ಏರ್ಪಾಡಿನಿಂದ ಬರುವಂಥದು. ಕೆಲವು ಪ್ರಿಂಟರುಗಳ ಮೊದಲ ಸಿದ್ಧತೆಗೆ ಆ್ಯಪ್ ಮತ್ತು ಖಾತೆ ಬೇಕು. ಎಚ್‌ಪಿಯ ಇನ್‌ಸ್ಟಂಟ್ ಇಂಕ್‌ನಂಥ ಶಾಯಿ ಚಂದಾ ಯೋಜನೆಗಳಲ್ಲಿ ಪ್ರಿಂಟರ್ ಅಂತರಜಾಲದ ಮೂಲಕ ಕಂಪನಿಗೆ ಲೆಕ್ಕ ಒಪ್ಪಿಸುತ್ತಿರಬೇಕು. ಆಫ್‌ಲೈನ್ ಬಳಕೆಗೆ ಪ್ರಿಂಟರ್ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಈ ಷರತ್ತನ್ನು ಓದುವುದು ಅಗತ್ಯ.

ಸುರಕ್ಷತೆ

ದಾಖಲೆ ಸ್ಥಳೀಯ ಜಾಲವನ್ನು ಬಿಟ್ಟು ಹೊರಗೆ ಹೋಗುವುದಿಲ್ಲ ಎಂಬುದು ಈ ವಿಧಾನದ ಮುಖ್ಯ ಬಲ. ಆದರೆ ಜಾಲದೊಳಗಿರುವ ಎಲ್ಲರೂ ನಂಬಿಕಸ್ಥರೆಂದು ಭಾವಿಸುವಂತಿಲ್ಲ. ಸಾದಾ ಐಪಿಪಿಯಲ್ಲಿ ಪುಟ ಗೂಢಲಿಪೀಕರಣವಿಲ್ಲದೆ ಸಾಗುತ್ತದೆ. ಅದನ್ನು ಮರೆಮಾಡುವುದು ಐಪಿಪಿಎಸ್. ವೈ-ಫೈಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ರಕ್ಷಣೆಯೂ, ಪ್ರಿಂಟರಿನ ಆಡಳಿತ ಪುಟಕ್ಕೆ ಕಾರ್ಖಾನೆ ಕೊಟ್ಟದ್ದಲ್ಲದ ಪಾಸ್‌ವರ್ಡೂ ಇರಬೇಕು. 2024ರ ಸೆಪ್ಟೆಂಬರಿನಲ್ಲಿ ಕಪ್ಸ್‌ನ ಜೊತೆಗಾರ ತಂತ್ರಾಂಶವಾದ ಕಪ್ಸ್-ಬ್ರೌಸ್ಡ್‌ನಲ್ಲಿ ಗಂಭೀರ ದೋಷ ಬಯಲಾಯಿತು: ಯಾರೋ ಕಳುಹಿಸಿದ ಸುಳ್ಳು ಪ್ರಿಂಟರಿನ ಪರಿಚಯವನ್ನು ಅದು ನಂಬುತ್ತಿತ್ತು, ಆ ಪ್ರಿಂಟರಿಗೆ ಕೆಲಸ ಕಳುಹಿಸಿದಾಗ ದಾಳಿಕೋರರ ಆದೇಶ ಕಂಪ್ಯೂಟರಿನಲ್ಲಿ ನಡೆಯಬಹುದಿತ್ತು. ಆಫ್‌ಲೈನ್ ಸರ್ವರುಗಳಿಗೆ ಹೊರಗಿನ ದಾಳಿಯ ಭಯ ಕಡಿಮೆ. ಆದರೆ ತಿದ್ದುಪಡಿಗಳು ತಾವಾಗಿ ಬರುವುದಿಲ್ಲವಾದ್ದರಿಂದ ಹಳೆಯ ದೋಷಗಳು ಅವುಗಳಲ್ಲಿ ಬಹುಕಾಲ ಉಳಿಯುತ್ತವೆ.

ಇಂದಿನ ಸ್ಥಿತಿ

ಅಂತರಜಾಲದ ಮೂಲಕವೇ ಮುದ್ರಿಸಬೇಕೆಂಬ ಎದುರು ಪ್ರವಾಹವೂ 2010ರಲ್ಲೇ ಹೊರಟಿತ್ತು. ಗೂಗಲ್ ಕ್ಲೌಡ್ ಪ್ರಿಂಟ್‌ನಲ್ಲಿ ಪಕ್ಕದ ಮೇಜಿನ ಪ್ರಿಂಟರಿಗೆ ಕಳುಹಿಸಿದ ಪುಟವೂ ಗೂಗಲ್ ಸರ್ವರನ್ನು ಸುತ್ತಿ ಬರಬಹುದಿತ್ತು. 2020ರ ಡಿಸೆಂಬರ್ 31ರಂದು ಆ ಸೇವೆ ನಿಂತುಹೋಯಿತು. ಸ್ಥಳೀಯ ಮುದ್ರಣದಲ್ಲಿ ಹೀಗೆ ಒಂದು ದಿನ ಬಾಗಿಲು ಹಾಕಬಲ್ಲ ಮಧ್ಯವರ್ತಿ ಇಲ್ಲ. 2010ರ ಕೊನೆಯಲ್ಲಿ ಬಂದ ಏರ್‌ಪ್ರಿಂಟ್ ಪ್ರಿಂಟರುಗಳು ಇಂದಿನ ಐಪ್ಯಾಡ್‌ಗೂ ಉತ್ತರ ಕೊಡಬಲ್ಲವು.

ಡ್ರೈವರ್ ಇಲ್ಲದ ಐಪಿಪಿ ಮುದ್ರಣ ಈಗ ಟ್ಯಾಬ್ಲೆಟ್‌ಗಳಿಂದ ಕಂಪ್ಯೂಟರುಗಳತ್ತ ಹರಡುತ್ತಿದೆ. ಪ್ರಿಂಟರ್ ವರ್ಕಿಂಗ್ ಗ್ರೂಪ್ 2013ರಲ್ಲಿ ಪ್ರಕಟಿಸಿದ ಐಪಿಪಿ ಎವ್ರಿವೇರ್ ಮಾನಕ ಯಾವ ಕಂಪನಿಗೂ ಸೇರದ ಸಾಮಾನ್ಯ ನೆಲೆಯನ್ನು ಒದಗಿಸಿದೆ. ತಯಾರಕರ ಹಳೆಯ ಡ್ರೈವರುಗಳಿಗೆ ವಿಂಡೋಸ್‌ನಲ್ಲಿ ಸಿಗುತ್ತಿದ್ದ ಆಸರೆಯನ್ನು ಹಂತಹಂತವಾಗಿ ಹಿಂತೆಗೆಯುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ತಿಳಿಸಿತು. 2024ರ ವಿಂಡೋಸ್ 11 ಆವೃತ್ತಿಯಲ್ಲಿ ಮೊಪ್ರಿಯಾ ಪ್ರಮಾಣಿತ ಪ್ರಿಂಟರುಗಳನ್ನಷ್ಟೇ ಒಪ್ಪುವ ಸಂರಕ್ಷಿತ ಮುದ್ರಣದ ಆಯ್ಕೆ ಬಂದಿದೆ. ಕಪ್ಸ್‌ನ ಮುಂದಿನ ಮೂರನೇ ಆವೃತ್ತಿಯೂ ಹಳೆಯ ಡ್ರೈವರ್ ಪದ್ಧತಿಯನ್ನು ಕೈಬಿಡುವ ದಿಕ್ಕಿನಲ್ಲಿದೆ. ಐಪಿಪಿ ತಿಳಿಯದ ಹಳೆಯ ಯಂತ್ರಗಳಿಗಾಗಿ ಓಪನ್‌ಪ್ರಿಂಟಿಂಗ್ ಬಳಗ ‘ಪ್ರಿಂಟರ್ ಅಪ್ಲಿಕೇಶನ್’ ಎಂಬ ತಂತ್ರಾಂಶಗಳನ್ನು ಸಿದ್ಧಪಡಿಸುತ್ತಿದೆ. ಇವು ಹಳೆಯ ಡ್ರೈವರನ್ನು ಒಳಗಿಟ್ಟುಕೊಂಡು ಹೊರಗೆ ಐಪಿಪಿ ಪ್ರಿಂಟರಿನಂತೆ ಕಾಣಿಸಿಕೊಳ್ಳುತ್ತವೆ. ಇವನ್ನು ಹಾಕಿದ ಚಿಕ್ಕ ಕಂಪ್ಯೂಟರೊಂದು ಅದೇ ಜಾಲದಲ್ಲಿದ್ದರೆ ವೈ-ಫೈ ಇಲ್ಲದ ಪ್ರಿಂಟರಿಗೂ ಟ್ಯಾಬ್ಲೆಟ್‌ನಿಂದ ಪುಟ ಕಳುಹಿಸಬಹುದು.